ಹತ್ತು ಗೋಲಿನ ಸೋಲು ಮತ್ತು ರಹೀಂ ಮೇಷ್ಟ್ರು

1952ರ ಜುಲೈ 15. ಹೆಲ್ಸಿಂಕಿ ಒಲಿಂಪಿಕ್ಸ್‌ನ ಫುಟ್‌ಬಾಲ್ ಪಂದ್ಯಾವಳಿಯ ಪ್ರಾಥಮಿಕ ಸುತ್ತಿನಲ್ಲಿ ಭಾರತದ ಎದುರಾಳಿ ಯುಗೊಸ್ಲಾವಿಯ. ಉತ್ತರ ಯುರೋಪಿನ ಚಳಿ ಹಿಡಿದ ಆ ಮೈದಾನಕ್ಕೆ ಭಾರತದ ಆಟಗಾರರಲ್ಲಿ ಬಹುತೇಕರು ಬರಿಗಾಲಿನಲ್ಲಿಯೇ ಇಳಿದಿದ್ದರು. ಪಂದ್ಯ ಮುಗಿದಾಗ ಫಲಿತಾಂಶ 10-1. ಬ್ರಾಂಕೊ ಜೆಬೆಕ್ ಒಬ್ಬರೇ ನಾಲ್ಕು ಗೋಲು ಹೊಡೆದಿದ್ದರು. ಭಾರತದ ಏಕೈಕ ಗೋಲು ಬಂದದ್ದು ಆಟ ಮುಗಿಯಲು ಇನ್ನೇನು ಒಂದು ನಿಮಿಷ ಇದ್ದಾಗ, ಬೆಂಗಳೂರಿನ ಅಹ್ಮದ್ ಖಾನ್ ಅವರ ಕಾಲಿನಿಂದ. ಒಲಿಂಪಿಕ್ಸ್ ಇತಿಹಾಸದಲ್ಲಿ ಭಾರತದ ಫುಟ್‌ಬಾಲ್ ತಂಡ ಕಂಡ ಅತಿ ದೊಡ್ಡ ಸೋಲು ಇದು.

ಅಂದು ಅಂಗಳದ ಅಂಚಿನಲ್ಲಿ ನಿಂತು ಈ ಹತ್ತು ಗೋಲುಗಳನ್ನೂ ಕಂಡವರು ಹೈದರಾಬಾದಿನ ಶಾಲಾ ಶಿಕ್ಷಕ ಸೈಯದ್ ಅಬ್ದುಲ್ ರಹೀಂ. ವರ್ಷದ ಹಿಂದಷ್ಟೇ ದೇಶಕ್ಕೆ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದುಕೊಟ್ಟಿದ್ದ ತರಬೇತುದಾರ. ಚಿನ್ನ ಗೆದ್ದಾಗ ಹೂಮಾಲೆ ಆಟಗಾರರ ಕೊರಳಿಗೆ, ಸೋತಾಗ ಬೆರಳು ತರಬೇತುದಾರನ ಕಡೆಗೆ. ಇದು ಅಂದಿಗೂ ಇಂದಿಗೂ ಬದಲಾಗದ ಕ್ರೀಡಾಲೋಕದ ಪದ್ಧತಿ.

ತಂಡವೊಂದು ಸೋಲಿನ ಸುಳಿಗೆ ಸಿಕ್ಕಾಗಲೆಲ್ಲ ಏಳುವ ಮೊದಲ ಬೇಡಿಕೆ ಕೋಚ್ ಬದಲಾಗಲಿ ಎಂಬುದು. ಬೆಂಗಳೂರಿನವರಿಗೆ ಇದು ಹೊಸತೇನಲ್ಲ. 2018-19ರಲ್ಲಿ ಬೆಂಗಳೂರು ಎಫ್‌ಸಿಗೆ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ತಂದುಕೊಟ್ಟ ಸ್ಪೇನ್‌ನ ಕಾರ್ಲೆಸ್ ಕ್ವಾಡ್ರಟ್ ಅವರನ್ನು ಸತತ ಮೂರು ಸೋಲುಗಳ ಬೆನ್ನಿಗೇ 2021ರ ಜನವರಿಯಲ್ಲಿ ಕ್ಲಬ್ ಬೀಳ್ಕೊಟ್ಟಿತು. ರಾಷ್ಟ್ರೀಯ ತಂಡವನ್ನು ಐದು ವರ್ಷ ನಡೆಸಿದ ಕ್ರೊವೇಷಿಯದ ಇಗೊರ್ ಸ್ಟಿಮಾಚ್, 2023ರ ಜುಲೈನಲ್ಲಿ ಇದೇ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ ಗೆದ್ದು ಸಂಭ್ರಮಿಸಿದ್ದರು. ಮರುವರ್ಷದ ಜೂನ್‌ನಲ್ಲಿ, ವಿಶ್ವಕಪ್ ಅರ್ಹತಾ ಹಂತದಲ್ಲಿ ತಂಡ ಮುಂದೆ ಹೋಗಲಿಲ್ಲವೆಂಬ ಕಾರಣಕ್ಕೆ ಅವರನ್ನು ವಜಾ ಮಾಡಲಾಯಿತು. ಈ ನಿರ್ಧಾರಗಳಲ್ಲಿ ಸರಿ ಯಾವುದು, ತಪ್ಪು ಯಾವುದು ಎಂದು ತೂಗುವವರು ಒಮ್ಮೆಯಾದರೂ ರಹೀಂ ಅವರ ಬದುಕಿನತ್ತ ಕಣ್ಣು ಹಾಯಿಸಬೇಕು. ಹತ್ತು ಗೋಲಿನ ಸೋಲಿನ ನಂತರವೂ ಒಬ್ಬ ತರಬೇತುದಾರನಿಗೆ ಕಾಲಾವಕಾಶ ಕೊಟ್ಟರೆ ಏನಾಗಬಹುದು ಎಂಬುದಕ್ಕೆ ಭಾರತದ ಕ್ರೀಡಾಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ನಿದರ್ಶನ ಸಿಗುವುದಿಲ್ಲ.

ಶಾಲೆಯ ಅಂಗಳದಲ್ಲಿ

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು, ನಿಜಾಮರ ಹೈದರಾಬಾದಿನಲ್ಲಿ. ಇಂದಿನ ಕಲಬುರಗಿ, ಬೀದರ್, ರಾಯಚೂರು ಸೀಮೆಗಳೆಲ್ಲ ಆ ಸಂಸ್ಥಾನದ ಭಾಗವಾಗಿದ್ದ ಕಾಲವದು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು ಅಧ್ಯಾಪಕ ವೃತ್ತಿಗೆ ಸೇರಿದರು. ಕಾಚಿಗುಡ, ಚಾದರ್‌ಘಾಟ್ ಮೊದಲಾದೆಡೆಯ ಶಾಲೆಗಳಲ್ಲಿ ಪಾಠ ಹೇಳಿದರು. ಮುಂದೆ ದೈಹಿಕ ಶಿಕ್ಷಣದ ಡಿಪ್ಲೊಮಾವನ್ನೂ ಪಡೆದು ಶಾಲೆಗಳ ಆಟೋಟದ ಹೊಣೆಯನ್ನು ವಹಿಸಿಕೊಂಡರು. ವಿದ್ಯಾರ್ಥಿ ದೆಸೆಯಿಂದಲೇ ಫುಟ್‌ಬಾಲ್ ಆಡುತ್ತಿದ್ದರಾದರೂ ದೊಡ್ಡ ಆಟಗಾರರೆಂದು ಹೆಸರಾದವರಲ್ಲ. ಅವರ ಪ್ರತಿಭೆ ಇದ್ದದ್ದು ಕಲಿಸುವುದರಲ್ಲಿ.

ಈ ಮೇಷ್ಟ್ರುತನ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1940ರ ದಶಕದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದಾಗ ಅವರು ಮಾಡಿದ ಪ್ರಯೋಗಗಳನ್ನು ಗಮನಿಸಿದರೆ ಇದು ತಿಳಿಯುತ್ತದೆ. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ನಾಲ್ಕಾರು ಮಂದಿಯನ್ನು ವಂಚಿಸುತ್ತ ಓಡುವ ಆಟಗಾರನೇ ಆ ಕಾಲದ ಪ್ರೇಕ್ಷಕರ ಕಣ್ಮಣಿ. ರಹೀಂ ಮಾತ್ರ ಡ್ರಿಬ್ಲಿಂಗ್ ಮಾಡುವಂತೆಯೇ ಇಲ್ಲ ಎಂಬ ನಿಯಮದ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಚೆಂಡು ಬಂದೊಡನೆ ಜೊತೆಗಾರನಿಗೆ ದಾಟಿಸಬೇಕು. ಬಲಗಾಲಿನ ಆಟಗಾರರು ಎಡಗಾಲಿನಲ್ಲಿ, ಎಡಗಾಲಿನವರು ಬಲಗಾಲಿನಲ್ಲಿ ಮಾತ್ರ ಒದೆಯಬೇಕೆಂಬ ಪಂದ್ಯಗಳೂ ನಡೆದವು. ಹುಡುಗರಿಗೆ ಎತ್ತರದ ಮಿತಿ ಹಾಕಿ ಆಡಿಸಿದ ಪಂದ್ಯಾವಳಿಗಳಿದ್ದವು. ಎಳೆಯರನ್ನು ಬಲಿತವರ ಎದುರಿಗೆ ನಿಲ್ಲಿಸಿದರೆ ಅವರು ಕಲಿಯುವುದು ಭಯವನ್ನೇ ಹೊರತು ಆಟವನ್ನಲ್ಲ ಎಂಬುದು ಶಾಲೆಯ ಮೇಷ್ಟ್ರಿಗೆ ಗೊತ್ತಿರುವ ಸಂಗತಿ. ಇಂದು ವಿದೇಶಿ ಅಕಾಡೆಮಿಗಳ ಹೆಸರಿನಲ್ಲಿ ಸಾವಿರಾರು ರೂಪಾಯಿ ಶುಲ್ಕ ಪಡೆದು ಕಲಿಸುವ ಹಲವು ಪಾಠಗಳನ್ನು ಹೈದರಾಬಾದಿನ ಬಡ ಹುಡುಗರು ಆಗಲೇ ಧೂಳಿನ ಮೈದಾನಗಳಲ್ಲಿ ಉಚಿತವಾಗಿ ಕಲಿತಿದ್ದರು.

ಹಾಗೆ ಕಲಿತವರಲ್ಲಿ ಸಿಕಂದರಾಬಾದಿನ ತುಳಸೀದಾಸ್ ಬಲರಾಂ ಒಬ್ಬರು. ಅಭ್ಯಾಸಕ್ಕೆ ಹೈದರಾಬಾದಿಗೆ ಬರಲು ಬಲರಾಂ ಬಳಿ ಹಣವಿರಲಿಲ್ಲ. ಬಾಡಿಗೆ ಸೈಕಲ್ಲಿನ ಖರ್ಚನ್ನು ರಹೀಂ ಅವರೇ ಭರಿಸಿದರು. ಆ ಸೈಕಲ್ಲಿನ ಬಾಡಿಗೆ ವ್ಯರ್ಥವಾಗಲಿಲ್ಲ. ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೇರಿಯ ವಿರುದ್ಧ ಗೋಲು ಹೊಡೆದವರು ಇದೇ ಬಲರಾಂ.

ಪೊಲೀಸರ ತಂಡ, ಬೆಂಗಳೂರಿನ ಸವಾಲು

ಹೈದರಾಬಾದ್ ಸಿಟಿ ಪೊಲೀಸ್ ತಂಡ ರಹೀಂ ಅವರ ಪ್ರಯೋಗಶಾಲೆ. ಅವರ ಕೈಯಲ್ಲಿ ಪಳಗಿದ ಆ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಮೋಹನ್ ಬಾಗನ್, ಈಸ್ಟ್ ಬೆಂಗಾಲ್‌ನಂಥ ಕಲ್ಕತ್ತದ ದಿಗ್ಗಜರಿಗೂ ದಕ್ಕದ ಸಾಧನೆಯಿದು. 1950ರಲ್ಲಿ ಡುರಾಂಡ್ ಕಪ್ ಫೈನಲ್‌ನಲ್ಲಿ ಮೋಹನ್ ಬಾಗನ್ನನ್ನೇ ಮಣಿಸಿತು.

ಆ ದಿನಗಳಲ್ಲಿ ದಕ್ಷಿಣದ ಫುಟ್‌ಬಾಲ್ ಎಂದರೆ ಹೈದರಾಬಾದ್ ಮತ್ತು ಬೆಂಗಳೂರು ಎಂಬ ಎರಡು ಹೆಸರು. ರೋವರ್ಸ್ ಕಪ್ಪನ್ನು 1937ರಲ್ಲಿ ಮೊದಲ ಬಾರಿಗೆ ಬ್ರಿಟಿಷ್ ಸೇನಾ ತಂಡಗಳಿಂದ ಕಿತ್ತುಕೊಂಡ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ಗೆದ್ದಿತು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946-47ರಲ್ಲಿಯೂ 1952-53ರಲ್ಲಿಯೂ ಬಂಗಾಳದ ಎದುರು ಆಡಿ ಗೆದ್ದುಕೊಂಡಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಎಚ್‌ಎಎಲ್‌ನಂಥ ಕಾರ್ಖಾನೆಗಳು ಫುಟ್‌ಬಾಲ್ ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದ್ದವು. 1954ರ ಡುರಾಂಡ್ ಫೈನಲ್‌ನಲ್ಲಿ ರಹೀಂ ಅವರ ಪೊಲೀಸ್ ತಂಡದ ಎದುರು ನಿಂತದ್ದು ಬೆಂಗಳೂರಿನ ಈ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ತಂಡವೇ. ಗೆಲುವು ಹೈದರಾಬಾದಿನದಾಯಿತು, ಕೇವಲ ಒಂದು ಗೋಲಿನಿಂದ.

ರಾಷ್ಟ್ರೀಯ ತಂಡದ ಹೊಣೆ ರಹೀಂ ಅವರಿಗೆ ಬಂದದ್ದು 1950ರ ಸುಮಾರಿಗೆ. ಮೊದಲ ದೊಡ್ಡ ಪರೀಕ್ಷೆ 1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟ. ಇಂಡೊನೇಷ್ಯ ಮತ್ತು ಆಫ್ಘಾನಿಸ್ತಾನದ ವಿರುದ್ಧ ತಲಾ 3-0 ಗೆಲುವು, ಫೈನಲ್‌ನಲ್ಲಿ ಇರಾನ್ ಎದುರು 1-0. ಗೋಲು ಹೊಡೆದವರು ಮೇವಾಲಾಲ್, ನಾಯಕ ಶೈಲೇನ್ ಮನ್ನಾ. ಗ್ಯಾಲರಿಯಲ್ಲಿ ಪ್ರಧಾನಿ ನೆಹರೂ ಇದ್ದರು. ಸ್ವತಂತ್ರ ಭಾರತಕ್ಕೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಏಷ್ಯಾ ಖಂಡದ ಚಾಂಪಿಯನ್ ಎಂಬ ಬಿರುದು ಬಂದಿತ್ತು.

ಯಾರ ತಪ್ಪು?

ಇಂಥ ತಂಡ ಹದಿನಾರೇ ತಿಂಗಳಲ್ಲಿ ಹತ್ತು ಗೋಲು ಬಿಟ್ಟುಕೊಟ್ಟಿತೆಂದರೆ ಏನು ಅರ್ಥ? ತರಬೇತುದಾರನನ್ನು ಕಿತ್ತುಹಾಕಬೇಕೆಂದು ವಾದಿಸುವವರಿಗೆ ಬೇರೆ ಸಾಕ್ಷ್ಯವೇ ಬೇಕಿರಲಿಲ್ಲ. ಅಂಥ ವಾದವನ್ನು ತಳ್ಳಿಹಾಕುವುದೂ ಸುಲಭವಲ್ಲ. ಎದುರಾಳಿಯ ಬಲವನ್ನು ಅರಿಯದೆ, ಚಳಿಯ ನಾಡಿನ ಹುಲ್ಲಿನಂಗಳದಲ್ಲಿ ಬರಿಗಾಲಿನ ತಂಡವನ್ನು ಇಳಿಸಿದ ಹೊಣೆಯಲ್ಲಿ ಕೋಚ್‌ಗೂ ಪಾಲಿದೆ. ಸೋಲು ಎರಡು ಗೋಲಿನದಾಗಿದ್ದರೆ ದುರದೃಷ್ಟ ಎನ್ನಬಹುದು. ಹತ್ತು ಗೋಲಿನ ಸೋಲನ್ನು ಹಾಗೆನ್ನಲಾಗದು.

ಆದರೆ ತಪ್ಪಿನ ಬೇರು ಎಲ್ಲಿತ್ತು ಎಂದು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಬರಿಗಾಲಿನ ಆಟ ರಹೀಂ ತಂದದ್ದಲ್ಲ. ದೇಶದ ಕ್ಲಬ್‌ಗಳಲ್ಲೆಲ್ಲ ಅದೇ ರೂಢಿ. ಬೂಟು ಕಡ್ಡಾಯ ಮಾಡುವ ಅಧಿಕಾರ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನದು. ಹೆಲ್ಸಿಂಕಿಯ ಆಘಾತದ ನಂತರವೇ ಅದು ಆ ನಿಯಮ ತಂದಿತು. ದೇಶದೊಳಗಿನ ಪಂದ್ಯಗಳು ಆಗ 90 ನಿಮಿಷದವಲ್ಲ, ಅದಕ್ಕಿಂತ ಕಡಿಮೆ ಅವಧಿಯವು. ಅಷ್ಟಕ್ಕೇ ಒಗ್ಗಿದ ದೇಹ ಒಲಿಂಪಿಕ್ಸ್‌ನಲ್ಲಿ ಪೂರ್ತಿ 90 ನಿಮಿಷ ಓಡಬೇಕಾದಾಗ ಕೊನೆಯ ಹಂತದಲ್ಲಿ ಕುಸಿಯುವುದು ಸಹಜ. 1950ರ ವಿಶ್ವಕಪ್‌ಗೆ ಅವಕಾಶ ಒದಗಿ ಬಂದಿದ್ದರೂ ಭಾರತ ಬ್ರೆಜಿಲ್‌ಗೆ ಹೋಗಲಿಲ್ಲ. ಯುರೋಪಿನ ತಂಡಗಳ ಜೊತೆ ಆಡುವ ಅವಕಾಶ ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ಸ್‌ನಲ್ಲಿ ಮಾತ್ರ. ಇನ್ನು ಎದುರಾಳಿಯೋ, ಆ ಕೂಟದಲ್ಲಿ ಫೈನಲ್‌ವರೆಗೆ ಹೋಗಿ ಬೆಳ್ಳಿ ಗೆದ್ದ ತಂಡ. ಕೋಚ್ ಬದಲಾಯಿಸಿದ್ದರೆ ಇವುಗಳಲ್ಲಿ ಯಾವುದು ಬದಲಾಗುತ್ತಿತ್ತು?

ಇಂದಿನಂತೆ ವರ್ಷಗಳ ಕರಾರಿನ ಮೇಲೆ ರಾಷ್ಟ್ರೀಯ ಕೋಚ್ ನೇಮಿಸುವ ಪದ್ಧತಿ ಅಂದು ಇರಲಿಲ್ಲ. ಒಂದೊಂದು ಪ್ರವಾಸಕ್ಕೆ, ಒಂದೊಂದು ಪಂದ್ಯಾವಳಿಗೆ ಹೆಸರು ಗೊತ್ತುಮಾಡುತ್ತಿದ್ದರು. ರಹೀಂ ಅವರ ಕಾಲಾವಧಿಯ ನಡುವೆಯೂ ಕೆಲವು ಬಾರಿ ಇತರರಿಗೆ ತಂಡದ ಹೊಣೆ ಹೋದದ್ದುಂಟು. 1954ರ ಮನಿಲಾ ಏಷ್ಯನ್ ಕೂಟದಲ್ಲಿ ಹಾಲಿ ಚಾಂಪಿಯನ್ ಭಾರತ ಇಂಡೊನೇಷ್ಯದ ಎದುರು 0-4ರಿಂದ ಸೋತು ಗುಂಪು ಹಂತದಲ್ಲಿಯೇ ಹೊರಬಿತ್ತು. ಸೋಲಿಗೆ ಕಾರಣ ಒಬ್ಬ ವ್ಯಕ್ತಿಯಲ್ಲ ಎಂಬುದು ಆಗಲಾದರೂ ಆಡಳಿತಗಾರರಿಗೆ ಹೊಳೆದಿರಬೇಕು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ತಂಡ ಸಿದ್ಧವಾಗುವ ಹೊತ್ತಿಗೆ ಕೋಚ್ ಸ್ಥಾನದಲ್ಲಿ ಮತ್ತೆ ರಹೀಂ ಇದ್ದರು.

ಸೋತ ನಂತರದ ವರ್ಷಗಳಲ್ಲಿ ರಹೀಂ ಸುಮ್ಮನೆ ಕೂತಿರಲಿಲ್ಲ. ಹೈದರಾಬಾದ್ ಪೊಲೀಸ್ ತಂಡದಲ್ಲಿ ಬೂಟು ತೊಟ್ಟು, ಚೆಂಡನ್ನು ಬೇಗ ದಾಟಿಸುವ ಆಟವನ್ನು ಬೆಳೆಸಿದರು. ಆ ಅವಧಿಯಲ್ಲಿ ಜಗತ್ತಿನ ಫುಟ್‌ಬಾಲ್ ಕೂಡ ಹೊರಳುತ್ತಿತ್ತು. 1953ರಲ್ಲಿ ಹಂಗೇರಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿ, ಹಳೆಯ ವ್ಯೂಹಗಳು ಇನ್ನು ನಡೆಯುವುದಿಲ್ಲವೆಂದು ತೋರಿಸಿತ್ತು. ಆ ಹಂಗೇರಿಯನ್ನು ಕಟ್ಟಿದ ಗುಸ್ಟಾವ್ ಶೆಬೆಶ್ ಅವರನ್ನೇ 1956ರಲ್ಲಿ ಅಲ್ಲಿನವರು ಸ್ಥಾನದಿಂದ ಇಳಿಸಿದರು. ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದ ಕೋಚ್ ಹೊರಗೆ; ಅಲ್ಲಿಯೇ ಹತ್ತು ಗೋಲು ಕಂಡ ಕೋಚ್ ಒಳಗೆ.

1956 ನಾಯಕರನ್ನು ಬದಲಾಯಿಸುವ ವರ್ಷವೇ ಆಗಿತ್ತೇನೋ. ಬಿಡದಿ ದಾಟಿದರೆ ಸಿಗುವ ರಾಮನಗರದ ಮಣ್ಣಿನ ಮಗ ಕೆಂಗಲ್ ಹನುಮಂತಯ್ಯ ಅವರು ವಿಧಾನಸೌಧವನ್ನು ಕಟ್ಟಿ ನಿಲ್ಲಿಸಿದ ವರ್ಷವೂ ಅದೇ, ಸ್ವಪಕ್ಷೀಯರ ಅವಿಶ್ವಾಸಕ್ಕೆ ಗುರಿಯಾಗಿ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟ ವರ್ಷವೂ ಅದೇ. ಕಟ್ಟಿದವರೇ ಅದರಲ್ಲಿ ಕೂರುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ರಹೀಂ ಹುಟ್ಟಿ ಬೆಳೆದ ಹೈದರಾಬಾದ್ ರಾಜ್ಯವೇ ಭೂಪಟದಿಂದ ಮರೆಯಾಯಿತು. ಕಲಬುರಗಿ, ಬೀದರ್, ರಾಯಚೂರು ಮೈಸೂರಿಗೆ ಸೇರಿದವು. ಮರಾಠವಾಡ ಮುಂಬೈಗೆ, ಉಳಿದದ್ದು ಆಂಧ್ರಪ್ರದೇಶಕ್ಕೆ. ಸರಿಯಾಗಿ ಒಂದು ತಿಂಗಳ ನಂತರ ರಹೀಂ ಅವರ ತಂಡ ಮೆಲ್ಬರ್ನ್‌ನಲ್ಲಿ ಮೈದಾನಕ್ಕಿಳಿಯಿತು.

ನಾಲ್ಕು ವರ್ಷದ ಲೆಕ್ಕ

ಮೊದಲ ಸುತ್ತಿನ ಎದುರಾಳಿ ಹಂಗೇರಿ ತನ್ನ ದೇಶದ ರಾಜಕೀಯ ದಂಗೆಯ ಕಾರಣ ಫುಟ್‌ಬಾಲ್ ತಂಡವನ್ನು ಕಳುಹಿಸಲಿಲ್ಲ. ಹೀಗೆ ಆಡದೆಯೇ ಕ್ವಾರ್ಟರ್‌ಫೈನಲ್ ತಲುಪಿದ ಭಾರತಕ್ಕೆ ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯ ಎದುರಾಯಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯನ್ನರು ಅವರು. ಕಿಟ್ಟು ಇನ್ನೊಂದು ಸೇರಿಸಿದರು. ಭಾರತ 4-2ರಿಂದ ಗೆದ್ದು ಸೆಮಿಫೈನಲ್ ತಲುಪಿತು. ಏಷ್ಯಾದ ಯಾವ ತಂಡವೂ ಅಲ್ಲಿಯವರೆಗೆ ಹೋಗಿರಲಿಲ್ಲ.

ಸೆಮಿಫೈನಲ್‌ನಲ್ಲಿ ಎದುರಾದದ್ದು ಯುಗೊಸ್ಲಾವಿಯ. ವಿಧಿ ಇಟ್ಟ ಮರುಪರೀಕ್ಷೆ ಎನ್ನಬೇಕು. ಮೊದಲರ್ಧದಲ್ಲಿ ಎರಡೂ ಕಡೆ ಗೋಲಿಲ್ಲ. ದ್ವಿತೀಯಾರ್ಧದ ಆರಂಭದಲ್ಲಿ ನೆವಿಲ್ ಡಿಸೋಜಾ ಗೋಲು ಹೊಡೆದು ಭಾರತಕ್ಕೆ ಮುನ್ನಡೆ ತಂದಾಗ ಹತ್ತು ಗೋಲಿನ ಅವಮಾನವನ್ನು ಕಂಡಿದ್ದವರಿಗೆ ಏನನ್ನಿಸಿರಬೇಡ! ಮುನ್ನಡೆ ಹೆಚ್ಚು ಹೊತ್ತು ಉಳಿಯಲಿಲ್ಲ. ಯುಗೊಸ್ಲಾವಿಯ ಕೆಲವೇ ನಿಮಿಷಗಳ ಅಂತರದಲ್ಲಿ ಮೂರು ಗೋಲು ಹೊಡೆಯಿತು. ನಾಲ್ಕನೆಯದು ಭಾರತೀಯ ಆಟಗಾರನ ಕಾಲಿನಿಂದಲೇ ತಮ್ಮ ಬಲೆಗೆ ಹೋಯಿತು. ಫಲಿತಾಂಶ 4-1. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯ 3-0ರಿಂದ ಗೆದ್ದಿತು. ಭಾರತಕ್ಕೆ ನಾಲ್ಕನೆಯ ಸ್ಥಾನ.

ಅದೇ ಎದುರಾಳಿ, ಅದೇ ಕೋಚ್. 1952ರಲ್ಲಿ 10-1, 1956ರಲ್ಲಿ 4-1. ಎರಡೂ ಸೋಲೇ ನಿಜ. ಆದರೆ ಒಬ್ಬ ತರಬೇತುದಾರ ನಾಲ್ಕು ವರ್ಷದಲ್ಲಿ ಏನು ಮಾಡಿದ ಎಂದು ಅಳೆಯಲು ಇದಕ್ಕಿಂತ ನೇರವಾದ ಲೆಕ್ಕ ಬೇಕಿಲ್ಲ. ಪದಕದ ಪಟ್ಟಿಯನ್ನು ಮಾತ್ರ ನೋಡುವ ಆಡಳಿತಗಾರ ಮೆಲ್ಬರ್ನ್‌ನಿಂದಲೂ ಬರಿಗೈಯಲ್ಲಿ ಬಂದರೆಂದೇ ಬರೆದುಕೊಂಡಾನು.

ಆ ತಂಡದ ಮಧ್ಯಮೈದಾನದಲ್ಲಿ ಮೈಸೂರು ರಾಜ್ಯದ ಮರಿಯಪ್ಪ ಕೆಂಪಯ್ಯ ಇದ್ದರು. ಕಲ್ಕತ್ತದ ಮೋಹನ್ ಬಾಗನ್ ಪರ ಆಡುತ್ತಿದ್ದ ಅವರು ನಾಲ್ಕು ವರ್ಷದ ನಂತರ ರೋಮ್‌ಗೂ ಹೋದರು. ಹೈದರಾಬಾದಿನವರು, ಬಂಗಾಳದವರು, ಮುಂಬೈಯವರು, ಬೆಂಗಳೂರಿನವರು ಎಂದು ಹಂಚಿಹೋಗಿದ್ದ ಆಟಗಾರರನ್ನು ಒಂದು ತಂಡವಾಗಿ ನಿಲ್ಲಿಸಿದ್ದು ಸಣ್ಣ ಕೆಲಸವಲ್ಲ. ಕಲ್ಕತ್ತವೇ ಭಾರತೀಯ ಫುಟ್‌ಬಾಲ್‌ನ ರಾಜಧಾನಿ ಎಂದು ನಂಬಿದ್ದ ಕಾಲದಲ್ಲಿ ಹೈದರಾಬಾದಿನ ಶಾಲಾ ಮೇಷ್ಟ್ರ ಮಾತಿಗೆ ಎಲ್ಲರೂ ಕಿವಿಗೊಡುವಂತಾದದ್ದು ಅವರ ಹುದ್ದೆಯ ಬಲದಿಂದಲ್ಲ. ಅವರು ಆಟಗಾರರನ್ನು ಅತಿಯಾಗಿ ದಣಿಸುತ್ತಿರಲಿಲ್ಲ, ಗದರುವುದಕ್ಕಿಂತ ಹೆಚ್ಚಾಗಿ ಮನವೊಲಿಸುತ್ತಿದ್ದರು. ಯಾರು ಯಾವ ಮಾತಿಗೆ ಎಚ್ಚರಗೊಳ್ಳುತ್ತಾರೆಂಬುದು ಅವರಿಗೆ ಗೊತ್ತಿರುತ್ತಿತ್ತು.

ದೇಶದೊಳಗೂ ಅವರ ಶಿಷ್ಯರ ಗೆಲುವು ಮುಂದುವರಿಯಿತು. 1956-57 ಮತ್ತು 1957-58ರಲ್ಲಿ ಹೈದರಾಬಾದ್ ಸತತ ಎರಡು ಬಾರಿ ಸಂತೋಷ್ ಟ್ರೋಫಿ ಗೆದ್ದಿತು. 1957ರಲ್ಲಿ ಪೊಲೀಸ್ ತಂಡ ಮತ್ತೆ ಡುರಾಂಡ್ ಕಪ್ ಎತ್ತಿತು.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತ ಇದ್ದ ಗುಂಪು ಕಠಿಣವಾದದ್ದು. ಹಂಗೇರಿಯ ಎದುರು 1-2, ಪೆರು ಎದುರು 1-3 ಸೋಲು. ಫ್ರಾನ್ಸ್ ವಿರುದ್ಧ ನಾಯಕ ಪಿ.ಕೆ. ಬ್ಯಾನರ್ಜಿ ಅವರ ಗೋಲಿನಿಂದ ಮುಂದಿದ್ದ ಭಾರತ ಕೊನೆಯ ಹತ್ತು ನಿಮಿಷದೊಳಗೆ ಗೋಲು ಬಿಟ್ಟುಕೊಟ್ಟು 1-1 ಡ್ರಾ ಮಾಡಿಕೊಂಡಿತು. ಗುಂಪಿನಲ್ಲಿಯೇ ಪಯಣ ಮುಗಿಯಿತು. ಆ ತಂಡದಲ್ಲಿ ಆಯ್ಕೆಯಾಗಿದ್ದವರಲ್ಲಿ ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ ಕೂಡ ಒಬ್ಬರು. ಮೂರು ಪಂದ್ಯಗಳಲ್ಲಿ ಒಂದರಲ್ಲಿಯೂ ಅವರಿಗೆ ಆಡುವ ಅವಕಾಶ ಸಿಗಲಿಲ್ಲ. ಅಪ್ಪ ಕೋಚ್, ಮಗ ಬೆಂಚಿನ ಮೇಲೆ. ನಮ್ಮ ಕ್ರೀಡಾ ಸಂಸ್ಥೆಗಳಲ್ಲಿ ಇದಕ್ಕೆ ತದ್ವಿರುದ್ಧವಾದದ್ದನ್ನು ಕಂಡವರಿಗೆ ಈ ಸಂಗತಿ ಕತೆಯಂತೆ ಕೇಳಬಹುದು.

ರೋಮ್‌ನ ನಂತರವೂ ಪ್ರಶ್ನೆ ಏಳಬಹುದಿತ್ತು. ದೆಹಲಿಯ ಚಿನ್ನಕ್ಕೆ ಹತ್ತು ವರ್ಷವಾಗುತ್ತ ಬಂದಿತ್ತು. ಒಂದೇ ಕೈಯಲ್ಲಿ ಇಷ್ಟು ಕಾಲ ತಂಡವಿದ್ದರೆ ಆಟ ಜಡ್ಡುಗಟ್ಟುತ್ತದೆ, ಆಟಗಾರರಿಗೆ ಕೋಚ್‌ನ ಮಾತು ಕಿವಿಗೆ ರೂಢಿಯಾಗಿ ಮನಸ್ಸಿಗೆ ತಾಗದಂತಾಗುತ್ತದೆ ಎಂಬ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಎಷ್ಟೋ ತಂಡಗಳಲ್ಲಿ ಅದು ನಿಜವೂ ಆಗಿದೆ. ರಹೀಂ ಅವರ ಪ್ರಸಂಗದಲ್ಲಿ ಅದು ನಿಜವಾಗದಿರಲು ಕಾರಣ, ಅವರೇ ಬದಲಾಗುತ್ತ ಹೋದದ್ದು. ಮೂರು ರಕ್ಷಣಾ ಆಟಗಾರರ ಹಳೆಯ ವ್ಯೂಹವನ್ನು ಬಿಟ್ಟು, 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಜಗತ್ಪ್ರಸಿದ್ಧಗೊಳಿಸಿದ 4-2-4 ವ್ಯೂಹದಲ್ಲಿ 1962ರ ಭಾರತ ತಂಡವನ್ನು ಅವರು ಆಡಿಸಿದರು. ತಂಡದಲ್ಲಿ 1951ರವರು ಯಾರೂ ಉಳಿದಿರಲಿಲ್ಲ. ಮೇಷ್ಟ್ರು ಅವರೇ, ತರಗತಿ ಹೊಸದು.

ಜಕಾರ್ತದ ಸಂಜೆ

1962ರ ಏಷ್ಯನ್ ಕ್ರೀಡಾಕೂಟ ಜಕಾರ್ತದಲ್ಲಿ. ಆತಿಥೇಯ ಇಂಡೊನೇಷ್ಯ ಇಸ್ರೇಲ್ ಮತ್ತು ತೈವಾನ್ ದೇಶಗಳ ಕ್ರೀಡಾಪಟುಗಳಿಗೆ ಅವಕಾಶ ನಿರಾಕರಿಸಿತ್ತು. ಭಾರತದ ಕ್ರೀಡಾ ಆಡಳಿತಗಾರ ಗುರುದತ್ತ್ ಸೋಂಧಿ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಪರಿಣಾಮವಾಗಿ ಊರಿಗೆ ಊರೇ ಭಾರತೀಯರ ವಿರುದ್ಧ ತಿರುಗಿತು. ಭಾರತದ ರಾಯಭಾರ ಕಚೇರಿಯ ಎದುರು ಪ್ರತಿಭಟನೆ ನಡೆಯಿತು. ಮೈದಾನಕ್ಕೆ ಭಾರತದ ಆಟಗಾರರು ಕಾಲಿಟ್ಟರೆ ಕೂಗಾಟ.

ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯ 2-0ರಿಂದ ಸೋಲಿಸಿತು. ಥಾಯ್ಲೆಂಡ್ ವಿರುದ್ಧ 4-1ರಿಂದ ಗೆದ್ದರೂ ರಕ್ಷಣೆಯ ಬೆನ್ನೆಲುಬಾಗಿದ್ದ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟು ಬಿದ್ದು ಆರು ಹೊಲಿಗೆ ಹಾಕಬೇಕಾಯಿತು. ಜಪಾನ್ ವಿರುದ್ಧ 2-0 ಗೆಲುವಿನೊಂದಿಗೆ ತಂಡ ಸೆಮಿಫೈನಲ್ ತಲುಪಿತು. ಅಲ್ಲಿ ದಕ್ಷಿಣ ವಿಯೆಟ್ನಾಂ ಎದುರು ರಹೀಂ ಕೈಗೊಂಡ ನಿರ್ಧಾರ ಇಂದಿಗೂ ಫುಟ್‌ಬಾಲ್ ಬಲ್ಲವರ ಬಾಯಲ್ಲಿದೆ. ತಲೆಗೆ ಹೊಲಿಗೆ ಹಾಕಿಸಿಕೊಂಡ ರಕ್ಷಣಾ ಆಟಗಾರನನ್ನು ಅವರು ಮುಂಚೂಣಿಗೆ, ಸೆಂಟರ್ ಫಾರ್ವರ್ಡ್ ಸ್ಥಾನಕ್ಕೆ ತಂದು ನಿಲ್ಲಿಸಿದರು. ಜರ್ನೈಲ್ ವಿದ್ಯಾರ್ಥಿಯಾಗಿದ್ದಾಗ ಆ ಸ್ಥಾನದಲ್ಲಿ ಆಡಿದ್ದವರೆಂಬುದು ಮೇಷ್ಟ್ರಿಗೆ ನೆನಪಿತ್ತು. ಭಾರತ 3-2ರಿಂದ ಗೆದ್ದಿತು. ಜರ್ನೈಲ್ ಒಂದು ಗೋಲು ಹೊಡೆದರು. ಸೋತಿದ್ದರೆ ಇದೇ ನಿರ್ಧಾರವನ್ನು ಹುಚ್ಚಾಟವೆಂದು ಎಲ್ಲರೂ ಹೀಗಳೆಯುತ್ತಿದ್ದರು. ತರಬೇತುದಾರನ ಬುದ್ಧಿವಂತಿಕೆಗೂ ಹುಂಬತನಕ್ಕೂ ನಡುವೆ ಎಷ್ಟೋ ಬಾರಿ ಇರುವುದು ಒಂದು ಗೋಲಿನ ಅಂತರ.

ಸೆಪ್ಟೆಂಬರ್ 4ರ ಫೈನಲ್. ಎದುರಾಳಿ ಮತ್ತೆ ದಕ್ಷಿಣ ಕೊರಿಯ. ಹಿಂದಿನ ರಾತ್ರಿ ರಹೀಂ ಆಟಗಾರರನ್ನು ಕೂರಿಸಿಕೊಂಡು ತಮಗೊಂದು ಉಡುಗೊರೆ ಬೇಕೆಂದು ಕೇಳಿದರೆಂದೂ, ಅದು ಚಿನ್ನದ ಪದಕವೆಂದೂ ಆ ತಂಡದವರು ಮುಂದೆ ನೆನಪಿಸಿಕೊಳ್ಳುತ್ತಿದ್ದರು. ಸೆನಯಾನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಪ್ರೇಕ್ಷಕರು. ಬಹುತೇಕ ಎಲ್ಲರೂ ಕೊರಿಯದ ಪರ. ಭಾರತದ ಪರವಾಗಿ ಕೇಳಿಬಂದ ಕೆಲವೇ ದನಿಗಳಲ್ಲಿ ಪಾಕಿಸ್ತಾನದ ಹಾಕಿ ಆಟಗಾರರದೂ ಇತ್ತು. ಗೋಲ್‌ಕೀಪರ್ ಸ್ಥಾನದಲ್ಲಿಯೂ ರಹೀಂ ಬದಲಾವಣೆ ಮಾಡಿ ಪೀಟರ್ ತಂಗರಾಜ್ ಅವರನ್ನು ಇಳಿಸಿದರು. ಮೊದಲ ಇಪ್ಪತ್ತು ನಿಮಿಷದೊಳಗೆ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಒಂದು ಗೋಲು ಹೊಡೆದರು. ಕೊರಿಯ ಕೊನೆಯ ಹಂತದಲ್ಲಿ ಒಂದನ್ನು ಮಾತ್ರ ಮರಳಿಸಿತು. 2-1. ಚುನಿ ಗೋಸ್ವಾಮಿ ನಾಯಕತ್ವದ ಭಾರತಕ್ಕೆ ಎರಡನೆಯ ಬಾರಿಗೆ ಏಷ್ಯಾದ ಚಿನ್ನ. ಮೊದಲ ಚಿನ್ನಕ್ಕೂ ಎರಡನೆಯದಕ್ಕೂ ನಡುವೆ ಹನ್ನೊಂದು ವರ್ಷ, ಹೆಲ್ಸಿಂಕಿಯಿಂದ ಹತ್ತು ವರ್ಷ.

ವಿಪರೀತ ಧೂಮಪಾನದ ಅಭ್ಯಾಸವಿದ್ದ ರಹೀಂ ಅವರನ್ನು ಶ್ವಾಸಕೋಶದ ಕ್ಯಾನ್ಸರ್ ಆವರಿಸಿಕೊಂಡಿತು. ಜಕಾರ್ತದಿಂದ ಮರಳಿ ವರ್ಷ ತುಂಬುವ ಮುನ್ನವೇ, 1963ರ ಜೂನ್ 11ರಂದು ಅವರು ತೀರಿಕೊಂಡರು. ವಯಸ್ಸು 53. ಹೈದರಾಬಾದ್ ಪೊಲೀಸ್ ತಂಡದ ಹೊಣೆಯನ್ನೂ ರಾಷ್ಟ್ರೀಯ ತಂಡದ ಹೊಣೆಯನ್ನೂ ಅವರಿಂದ ಕೊನೆಗೆ ಕಿತ್ತುಕೊಂಡದ್ದು ಯಾವ ಸಮಿತಿಯೂ ಅಲ್ಲ, ಸಾವು.

ಅವರ ಸ್ಥಾನಕ್ಕೆ ಇಂಗ್ಲೆಂಡಿನ ಹ್ಯಾರಿ ರೈಟ್ ಬಂದರು. 1964ರ ಏಷ್ಯಾ ಕಪ್‌ನಲ್ಲಿ ಭಾರತ ದಕ್ಷಿಣ ಕೊರಿಯ ಮತ್ತು ಹಾಂಗ್‌ಕಾಂಗ್ ತಂಡಗಳನ್ನು ಸೋಲಿಸಿ ಇಸ್ರೇಲ್ ನಂತರದ ಎರಡನೆಯ ಸ್ಥಾನ ಪಡೆಯಿತು. ಹೊಸ ಕೋಚ್‌ಗೆ ಸಲ್ಲಬೇಕಾದ ಶ್ರೇಯಸ್ಸು ಸಲ್ಲಲೇಬೇಕು. ಅವರ ಕೈಗೆ ಬಂದದ್ದು ಹಳೆಯ ಮೇಷ್ಟ್ರು ಅಣಿಗೊಳಿಸಿ ಹೋದ ಆಟಗಾರರ ಬಳಗವೆಂಬುದೂ ಅಷ್ಟೇ ನಿಜ. 1970ರ ಬ್ಯಾಂಕಾಕ್ ಕೂಟದಲ್ಲಿ ಒಂದು ಕಂಚು ಬಂತು. ಏಷ್ಯನ್ ಕೂಟದ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಆ ಬಳಿಕ ಯಾವ ಪದಕವೂ ಬಂದಿಲ್ಲ. 1960ರ ರೋಮ್ ನಂತರ ಪುರುಷರ ತಂಡ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆದಿಲ್ಲ. ಈ ಅರವತ್ತು ವರ್ಷಗಳಲ್ಲಿ ಕೋಚ್‌ಗಳು ಬಂದದ್ದು ಹೋದದ್ದು ಲೆಕ್ಕವಿಲ್ಲ. ಇಂಗ್ಲೆಂಡ್, ಕ್ರೊವೇಷಿಯ, ಸ್ಪೇನ್ ಎಂದು ದೇಶ ದೇಶಗಳಿಂದ ಕರೆತಂದದ್ದಾಯಿತು. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಅವರ ನೇಮಕದೊಂದಿಗೆ ಹದಿಮೂರು ವರ್ಷಗಳ ಬಳಿಕ ಮತ್ತೊಬ್ಬ ಭಾರತೀಯನಿಗೆ ಆ ಸ್ಥಾನ ಸಿಕ್ಕಿತು.

ರಹೀಂ ಅವರಿಗೆ ಪದ್ಮ ಪ್ರಶಸ್ತಿ ಬರಲಿಲ್ಲ. ಶ್ರೇಷ್ಠ ತರಬೇತುದಾರರಿಗೆಂದು ದ್ರೋಣಾಚಾರ್ಯ ಪ್ರಶಸ್ತಿಯನ್ನು ಸರ್ಕಾರ ಆರಂಭಿಸಿದ್ದು 1985ರಲ್ಲಿ, ಅವರು ಗತಿಸಿ 22 ವರ್ಷಗಳ ನಂತರ. ಹೈದರಾಬಾದಿನ ಹಳೆಯ ತಲೆಮಾರು ಬಿಟ್ಟರೆ ಉಳಿದವರಿಗೆ ಅವರ ಹೆಸರು ಮತ್ತೆ ಕಿವಿಗೆ ಬಿದ್ದದ್ದು 2024ರ ಏಪ್ರಿಲ್‌ನಲ್ಲಿ ಅಜಯ್ ದೇವಗನ್ ನಟನೆಯ ಮೈದಾನ್ ಚಿತ್ರ ತೆರೆಕಂಡಾಗ.

ರೋಮ್‌ನಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಮಗ ಹಕೀಂ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆದರು, ಫಿಫಾ ಮಾನ್ಯತೆಯ ರೆಫ್ರಿಯಾದರು, 1982ರ ದೆಹಲಿ ಏಷ್ಯನ್ ಕೂಟದಲ್ಲಿ ಪಿ.ಕೆ. ಬ್ಯಾನರ್ಜಿ ಅವರಿಗೆ ಸಹಾಯಕ ಕೋಚ್ ಆಗಿ ದುಡಿದರು. 2017ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಸಂದಿತು. ತಂದೆಯ ಸಾಧನೆಯನ್ನು ಕೇಳಿದವರಿಗೆಲ್ಲ ಹೇಳುತ್ತ ಬಂದ ಅವರು 2021ರ ಆಗಸ್ಟ್ 22ರಂದು, ಒಂದು ಕಾಲಕ್ಕೆ ಅದೇ ಹೈದರಾಬಾದ್ ಸಂಸ್ಥಾನದ ಊರಾಗಿದ್ದ ಕಲಬುರಗಿಯಲ್ಲಿ, 82ನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದರು.